ನಿಮಗಿದು ಗೊತ್ತೇ? ಕಡಲ ನಡುವೆ ಬೆಟ್ಟ, ಬೆಟ್ಟದ ಮೇಲೆ 16 ದಿನ!

ಮೆಡಿಟರೇನಿಯನ್ ಸಮುದ್ರದ ದ್ವೀಪ ಅಂದಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಮರಳು, ನೀಲಿ ನೀರು, ಬಣ್ಣದ ಕೊಡೆ, ಅದರಡಿ ಕಾಲು ಚಾಚಿ ಮಲಗಿದ ಜನ. ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದಲ್ಲಿ ಅದೆಲ್ಲ ಧಾರಾಳವಾಗಿ ಇದೆ. ಆದರೆ ಅಲ್ಲಿಗೆ ಬರುವ ಇನ್ನೊಂದು ಜಾತಿಯ ಜನರಿದ್ದಾರೆ. ಬಂದಿಳಿದ ಮರುದಿನವೇ ಸಮುದ್ರಕ್ಕೆ ಬೆನ್ನು ಹಾಕಿ ಬೆಟ್ಟ ಹತ್ತುತ್ತಾರೆ. ವಾರವೆರಡು ಕಳೆದರೂ ಕೆಳಗಿಳಿಯುವುದಿಲ್ಲ!

ಅವರು ಹಿಡಿಯುವ ದಾರಿಯ ಹೆಸರು ಜಿಆರ್20. ವಾಯವ್ಯದ ಕಲೆನ್ಜಾನಾದಿಂದ ಆಗ್ನೇಯದ ಕೊಂಕಾವರೆಗೆ, ದ್ವೀಪದ ಬೆನ್ನುಮೂಳೆಯ ಮೇಲೇ ಸುಮಾರು 180 ಕಿ.ಮೀ. ನಡಿಗೆ. ಒಟ್ಟು 16 ಹಂತ. ದಿನಕ್ಕೊಂದು ಹಂತ ಮುಗಿಸಿದರೂ 16 ದಿನ. ಯುರೋಪಿನ ಅತಿ ಕಠಿಣ ಕಾಲ್ದಾರಿಗಳಲ್ಲಿ ಇದರ ಹೆಸರು ಸದಾ ಮೊದಲ ಸಾಲಿನಲ್ಲಿರುತ್ತದೆ. ಒಬ್ಬರೇ ಹೋಗಲು ಅಳುಕಿದ್ದರೆ ಗೈಡ್ ಸಿಗುತ್ತಾರೆ, ತಂಡ ಸಿಗುತ್ತದೆ. ಬನ್ನಿ, ನಾವೂ ಅವರ ಹಿಂದೆ ಸಾಲಾಗಿ ಹೊರಡೋಣ!

ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಯಾವುದು? ಕೇರಳದ ಆನಮುಡಿ, 2,695 ಮೀಟರ್. ಕಾರ್ಸಿಕಾದ ಮೊಂಟೆ ಚಿಂಟೊ ಎಷ್ಟು? 2,706 ಮೀಟರ್! ಉದ್ದ 183 ಕಿ.ಮೀ., ಅಗಲ 83 ಕಿ.ಮೀ. ಇರುವ ದ್ವೀಪವೊಂದು ಇಡೀ ಪಶ್ಚಿಮ ಘಟ್ಟವನ್ನು 11 ಮೀಟರ್‌ಗಳಿಂದ ಹಿಂದೆ ಹಾಕಿದೆ.

ಜಿಆರ್20ರಲ್ಲಿ ಏರುವ ಏರುಗಳನ್ನಷ್ಟೇ ಕೂಡಿಸಿ ನೋಡಿ. 10,000 ಮೀಟರ್ ದಾಟುತ್ತದೆ. ಎವರೆಸ್ಟಿನ ಎತ್ತರವೇ 8,849! ಇಳಿದದ್ದು ಲೆಕ್ಕಕ್ಕಿಲ್ಲ. ಮೊಣಕಾಲು ಮಾತ್ರ ಅದರ ಲೆಕ್ಕ ಇಟ್ಟಿರುತ್ತದೆ.

ಇದೇ ದಾರಿಯನ್ನು ಒಬ್ಬ ಓಡಿ ಮುಗಿಸಿದ್ದಾನೆ. ಎಷ್ಟು ದಿನದಲ್ಲಿ? ದಿನವಲ್ಲ, ಗಂಟೆ ಕೇಳಿ! 2021ರಲ್ಲಿ ಲಾಂಬೆರ್ ಸಾಂತೆಲ್ಲಿ ಎಂಬ ಕಾರ್ಸಿಕಾದ ಓಟಗಾರ ತೆಗೆದುಕೊಂಡದ್ದು 30 ಗಂಟೆ 25 ನಿಮಿಷ. ನಾವು ಎರಡನೆಯ ರಾತ್ರಿ ಕಾಲಿಗೆ ಮುಲಾಮು ಹಚ್ಚುವ ಹೊತ್ತಿಗೆ ಆತ ಇಡೀ ದಾರಿ ಓಡಿ ಊಟವನ್ನೂ ಮುಗಿಸಿರುತ್ತಾನೆ.

20 ಎಂಬ ಸಂಖ್ಯೆ ಎಲ್ಲಿಂದ ಬಂತು? ಫ್ರಾನ್ಸಿನ ಜಿಲ್ಲೆಗಳಿಗೆ ಅಕಾರಾದಿಯಲ್ಲಿ ನಂಬರ್ ಕೊಟ್ಟಾಗ ಕಾರ್ಸಿಕಾಕ್ಕೆ ಬಂದದ್ದು 20. ದಾರಿಗೂ ಅದನ್ನೇ ಅಂಟಿಸಿದರು. 1976ರಲ್ಲಿ ಜಿಲ್ಲೆ ಎರಡಾಯಿತು. ಮುಂದಿನ ನಂಬರುಗಳೆಲ್ಲ ಆಗಲೇ ಖರ್ಚಾಗಿದ್ದವು. ಹಾಗಾಗಿ ಒಂದಕ್ಕೆ 2ಎ, ಇನ್ನೊಂದಕ್ಕೆ 2ಬಿ! ಫ್ರಾನ್ಸಿನಲ್ಲಿ ನಂಬರಿನ ಜೊತೆ ಅಕ್ಷರ ಹೊತ್ತ ಜಿಲ್ಲೆಗಳು ಇವೆರಡೇ.

ಇನ್ನೂ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ, ಆಗಲೇ ಜೇನುಹುಳುಗಳ ಕತೆ ಎದುರಾಗುತ್ತದೆ. ನಡಿಗೆ ಶುರುವಾಗುವ ಕಲೆನ್ಜಾನಾ ಊರಿನಲ್ಲಿ 1732ರಲ್ಲಿ ಒಂದು ಕಾಳಗ ನಡೆಯಿತು. ಆಗ ದ್ವೀಪವನ್ನು ಆಳುತ್ತಿದ್ದದ್ದು ಇಟಲಿಯ ಜಿನೋವಾ ನಗರ. ದಂಗೆ ಎದ್ದ ಕಾರ್ಸಿಕನ್ನರನ್ನು ಹತ್ತಿಕ್ಕಲು ಅದು ಆಸ್ಟ್ರಿಯಾದ ಚಕ್ರವರ್ತಿಯಿಂದ ಜರ್ಮನ್ ಸೈನಿಕರನ್ನು ಬಾಡಿಗೆಗೆ ತಂದಿತ್ತು. ಊರಿನವರ ಹತ್ತಿರ ಬಂದೂಕು ಕಡಿಮೆ, ಜೇನುಗೂಡು ಜಾಸ್ತಿ. ಕಿಟಕಿ, ಮಾಳಿಗೆಗಳಿಂದ ಗೂಡುಗಳನ್ನೇ ಸೈನಿಕರ ಮೇಲೆ ಎಸೆದರಂತೆ! ಹುಳು ಮುತ್ತಿದ ಸೈನಿಕರು ದಿಕ್ಕಾಪಾಲಾದರು ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಜರ್ಮನ್ನರನ್ನು ಹೂತ ಜಾಗವನ್ನೂ ತೋರಿಸುತ್ತಾರೆ.

ಜಿನೋವಾದ ಪಾಡು ಇನ್ನೂ ತಮಾಷೆ. ಬಾಡಿಗೆ ಸೈನಿಕ ಸತ್ತರೆ ತಲೆಗಿಷ್ಟು ಎಂದು ಚಕ್ರವರ್ತಿಗೆ ಪರಿಹಾರ ಬೇರೆ ಕಟ್ಟಬೇಕಿತ್ತು. ಸೋಲಿಗೂ ಬಿಲ್!

ಕಲೆನ್ಜಾನಾದ ಪಕ್ಕದಲ್ಲೇ, ಸಮುದ್ರದಂಚಿಗೆ, ಕಾಲ್ವಿ ಕೋಟೆ. ಇಂಗ್ಲೆಂಡಿನ ನೌಕಾವೀರ ನೆಲ್ಸನ್ ಬಲಗಣ್ಣಿನ ದೃಷ್ಟಿ ಕಳೆದುಕೊಂಡದ್ದು ಇಲ್ಲೇ, 1794ರ ಮುತ್ತಿಗೆಯಲ್ಲಿ. ಗುಂಡು ನೇರವಾಗಿ ತಗುಲಲಿಲ್ಲ. ಅದು ಸಿಡಿಸಿದ ಕಲ್ಲು ಮಣ್ಣು ಕಣ್ಣಿಗೆ ಬಡಿಯಿತು. ಅದೇ ಕಾಲ್ವಿ ಊರು ಕೊಲಂಬಸ್ ತನ್ನ ಮಗ ಎಂದೂ ಹೇಳಿಕೊಳ್ಳುತ್ತದೆ. ಜಿನೋವಾ ಒಪ್ಪುವುದಿಲ್ಲ, ಬಿಡಿ.

ಈಗ ಗೈಡ್ ಮಾತು ಕೇಳಿ. ಬೆಳಗ್ಗೆ ಐದಕ್ಕೆಲ್ಲ ಎಬ್ಬಿಸುತ್ತಾರೆ! ಯಾಕೆ ಗೊತ್ತೇ? ಬೇಸಿಗೆಯಲ್ಲಿ ಈ ಬೆಟ್ಟಗಳ ಮೇಲೆ ಮಧ್ಯಾಹ್ನವಾದರೆ ಗುಡುಗು ಸಿಡಿಲಿನ ಭಯ. ಎರಡೂ ಕಡೆಯ ಕಡಲಿನ ಹಸಿ ಗಾಳಿ ಬಿಸಿಲಿಗೆ ಮೇಲೇರಿ ಬೆಟ್ಟದ ನೆತ್ತಿಯಲ್ಲೇ ಮೋಡ ಕಟ್ಟುತ್ತದೆ. ಅಷ್ಟರೊಳಗೆ ದಿಣ್ಣೆ ದಾಟಿ ಬಿಡಾರ ಸೇರಿರಬೇಕು. ತಲೆಗೆ ಟಾರ್ಚ್ ಕಟ್ಟಿಕೊಂಡು, ಕತ್ತಲಲ್ಲೇ ಶೂ ಲೇಸು ಬಿಗಿದು, ತಣ್ಣನೆ ಬ್ರೆಡ್ಡಿನ ತುಂಡು ಅಗಿಯುತ್ತ ಹೊರಡುವುದೇ ಇಲ್ಲಿನ ಬೆಳಗಿನ ಶಾಸ್ತ್ರ.

ಫ್ರಾನ್ಸಿನಲ್ಲಿ ಬೆಟ್ಟದ ಗೈಡ್ ಆಗಲು ಸರ್ಕಾರಿ ಡಿಪ್ಲೊಮಾ ಬೇಕು! ಅದರಲ್ಲೂ ಎರಡು ಬಗೆ. ನಡಿಗೆಯ ಗೈಡ್ ಬೇರೆ, ಶಿಖರಾರೋಹಣದ ಗೈಡ್ ಬೇರೆ. ಹಗ್ಗ ಕಟ್ಟಿ ಬಂಡೆ ಹತ್ತಿಸುವ ಅಧಿಕಾರ ಮೊದಲನೆಯವರಿಗೆ ಇಲ್ಲ. ಜಿಆರ್20ರಲ್ಲಿ ಹಗ್ಗ ಬೇಡ, ಆದರೆ ಬಂಡೆಗೆ ಬಿಗಿದ ಸರಪಳಿ ಹಿಡಿದು ಏರುವ ಜಾಗಗಳುಂಟು. ಕೈಗೂ ಕೆಲಸ, ಎದೆಗೂ ಕೆಲಸ!

ದಾರಿ ಕಾಣಿಸುವುದು ಹೇಗೆ? ಬಂಡೆಯ ಮೇಲೆ ಬಿಳಿ, ಕೆಂಪು ಎರಡು ಪಟ್ಟಿ. ಅಷ್ಟೇ. ಅವೇ ಪಟ್ಟಿಗಳು ಇಂಟು ಮಾರ್ಕಿನ ಹಾಗೆ ಅಡ್ಡಡ್ಡ ಬಿದ್ದಿದ್ದರೆ? ದಾರಿ ತಪ್ಪಿದ್ದೀರಿ, ಹಿಂದಿರುಗಿ!

ಲಗೇಜಿನ ವಿಷಯವೂ ಮಜಾ. ತಂಡದ ದೊಡ್ಡ ಚೀಲಗಳು ವ್ಯಾನಿನಲ್ಲಿ ಬರುತ್ತವೆ, ನಿಜ. ಆದರೆ ಹೆಚ್ಚಿನ ಬಿಡಾರಗಳಿಗೆ ರಸ್ತೆಯೇ ಇಲ್ಲ! ಹಾಗಾಗಿ ಚೀಲ ಕಣ್ಣಿಗೆ ಬೀಳುವುದು ಕೆಲವು ದಿನಕ್ಕೊಮ್ಮೆ. ಅಲ್ಲಿಯವರೆಗೆ ಬೆನ್ನ ಮೇಲೆ ಇರುವುದೇ ಆಸ್ತಿ. ಬಿಡಾರಕ್ಕೆ ಅಕ್ಕಿ, ಚೀಸ್, ಗ್ಯಾಸ್ ಸಿಲಿಂಡರ್ ಹೇಗೆ ಬರುತ್ತವೆ? ಕೆಲವಕ್ಕೆ ಹೇಸರಗತ್ತೆಯ ಬೆನ್ನೇರಿ, ಕೆಲವಕ್ಕೆ ಹೆಲಿಕಾಪ್ಟರಿನಲ್ಲಿ ನೇತಾಡುತ್ತ! ನೀವು ಕೈಯಲ್ಲಿ ಹಿಡಿದ ಬಿಯರ್ ಡಬ್ಬಿ ನಿಮಗಿಂತ ಮೊದಲು ಹೆಲಿಕಾಪ್ಟರ್ ಹತ್ತಿರಬಹುದು.

ಎಲ್ಲಿ ಬೇಕೋ ಅಲ್ಲಿ ಟೆಂಟ್ ಹೊಡೆಯುವ ಹಾಗಿಲ್ಲ. ಬಿಡಾರದ ಅಂಗಳದಲ್ಲೇ ಹೊಡೆಯಬೇಕು. ಬೆಂಕಿ ಹಾಕುವಂತೆಯೇ ಇಲ್ಲ. ಬೇಸಿಗೆಯಲ್ಲಿ ಇಡೀ ದ್ವೀಪ ಒಣಗಿದ ಸೌದೆ.

ಎರಡನೆಯ ದಿನದ ಬಿಡಾರ ಕರೊಜ್ಜು. ಅದರಾಚೆ ಸ್ಪಸಿಮಾಟಾ ಎಂಬ ತೊರೆಗೆ ತೂಗುಸೇತುವೆ. ನೀವು ಹೆಜ್ಜೆ ಇಟ್ಟರೆ ಅದೂ ಹೆಜ್ಜೆ ಹಾಕುತ್ತದೆ! ದಾಟಿದ ಮೇಲೆ ನುಣ್ಣನೆಯ ಬಂಡೆ ಹಾಸು, ಪಕ್ಕದಲ್ಲಿ ಹಿಡಿಯಲು ಉಕ್ಕಿನ ಹಗ್ಗ. ಮಳೆ ಬಂದರೆ ಬಂಡೆ ಎಣ್ಣೆ ಸುರಿದಂತೆ. ಗೈಡ್ ಅಲ್ಲಿ ಜೋಕು ಹೇಳುವುದಿಲ್ಲ.

ಆ ಬಂಡೆಗಳ ನಡುವೆ ಸುರುಳಿ ಕೊಂಬಿನ ಕಾಡುಕುರಿ ಕಂಡರೆ ಅದೃಷ್ಟ. ಹೆಸರು ಮೂಫ್ಲಾನ್. ಕಾಡುಕುರಿ ಅಂದೆನಲ್ಲ? ಅರ್ಧ ಮಾತ್ರ ನಿಜ! ಸಾವಿರಾರು ವರ್ಷಗಳ ಹಿಂದೆ ಮನುಷ್ಯರೇ ದೋಣಿಯಲ್ಲಿ ತಂದ ಸಾಕುಕುರಿಗಳು ಬೆಟ್ಟಕ್ಕೆ ಓಡಿ ಹೋಗಿ ಮತ್ತೆ ಕಾಡಿನವಾದವು. ಅವುಗಳ ಮಕ್ಕಳು ಇವು. ಪರಾರಿಯಾದ ಕುರಿಗಳ ವಂಶ!

ಹಾವಿಗೆ ಹೆದರುತ್ತೀರಾ? ಹಾಗಾದರೆ ಇದು ನಿಮ್ಮದೇ ದ್ವೀಪ. ಕಾರ್ಸಿಕಾದಲ್ಲಿ ಮಂಡಲದ ಹಾವುಗಳೇ ಇಲ್ಲ. ತೋಳವೂ ಇಲ್ಲ. ದಾರಿಗೆ ಅಡ್ಡ ಬರುವುದು ಹಂದಿ! ಸಾಕಿದವೇ, ಆದರೆ ಕಟ್ಟಿಹಾಕುವುದಿಲ್ಲ. ಕಾಡಲ್ಲಿ ಓಕ್ ಕಾಯಿ, ಚೆಸ್ಟ್‌ನಟ್ ತಿಂದು ಕೊಬ್ಬುತ್ತವೆ. ಊಟದ ಹೊತ್ತಿಗೆ ನಿಮ್ಮ ಬುತ್ತಿಯ ವಾಸನೆಗೂ ಬರುತ್ತವೆ, ಹುಷಾರ್!

ಹೊಳೆಯಲ್ಲಿ ಇನ್ನೊಂದು ವಿಚಿತ್ರ. ಕಲ್ಲಿನಡಿ ಬೆರಳುದ್ದದ ಕಂದು ಬಣ್ಣದ ಜೀವಿ, ನ್ಯೂಟ್ ಜಾತಿಯದು. ಇಡೀ ಲೋಕದಲ್ಲಿ ಕಾರ್ಸಿಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಅದರ ಶ್ವಾಸಕೋಶ ಇದ್ದೂ ಇಲ್ಲದಷ್ಟು ಪುಟ್ಟದು. ಹಾಗಾದರೆ ಉಸಿರಾಡುವುದು ಹೇಗೆ? ಚರ್ಮದಿಂದ! ತಣ್ಣನೆ ಹರಿಯುವ ನೀರಲ್ಲಿ ಆಮ್ಲಜನಕ ಅಷ್ಟು ಧಾರಾಳ.

ಮೊದಲೆಲ್ಲ ಜಿಆರ್20 ಅಂದರೆ 'ಸಿರ್ಕ್ ದ ಲ ಸೊಲಿಟ್ಯೂಡ್' ಎಂಬ ಕಮರಿ ಎನ್ನುತ್ತಿದ್ದರು. ಒಂದು ಕಡೆಯಿಂದ ಸರಪಳಿ ಹಿಡಿದು ಇಳಿ, ಇನ್ನೊಂದು ಕಡೆಯಿಂದ ಏಣಿ ಹಿಡಿದು ಹತ್ತು. ಆ ಭಯವೇ ಅದರ ಆಕರ್ಷಣೆ. 2015ರ ಜೂನ್ 10ರಂದು ಬಿರುಮಳೆಗೆ ಮೇಲಿನ ಕಲ್ಲು ಮಣ್ಣು ಜಾರಿ ಏಳು ಮಂದಿ ಪ್ರಾಣ ಬಿಟ್ಟರು. ಅಲ್ಲಿಗೆ ಆ ಹಾದಿ ಅಧಿಕೃತ ದಾರಿಯಿಂದ ಹೊರಬಿತ್ತು. ಈಗ ದಾರಿ ಮೊಂಟೆ ಚಿಂಟೊ ಪಕ್ಕದಲ್ಲೇ, 2,600 ಮೀಟರಿಗೂ ಮೇಲೆ ಹಾದುಹೋಗುತ್ತದೆ. ಅಪಾಯದ ಕಮರಿ ತಪ್ಪಿಸಲು ಹೋಗಿ ದಾರಿ ಮೊದಲಿಗಿಂತ ಎತ್ತರಕ್ಕೆ ಹೋಯಿತು, ನೋಡಿ!

ಗುಡುಗಿನ ಬಗ್ಗೆ ಗೈಡುಗಳು ಯಾಕೆ ಅಷ್ಟು ಕಟ್ಟುನಿಟ್ಟು ಎಂದು ಕೇಳಬೇಡಿ. 2022ರ ಆಗಸ್ಟ್ 18ರ ಬೆಳಗ್ಗೆ ದ್ವೀಪದ ಮೇಲೆ ಗಂಟೆಗೆ 220 ಕಿ.ಮೀ.ಗೂ ಮೀರಿದ ಗಾಳಿ ಬೀಸಿತು. ಬೇಸಿಗೆಯ ನಡುವೆ, ಬೆಳಗಿನ ಹೊತ್ತಿನಲ್ಲಿ! ಐದು ಮಂದಿ ತೀರಿಕೊಂಡರು. ಮಧ್ಯಾಹ್ನದ ಮಳೆಯ ಲೆಕ್ಕಾಚಾರವನ್ನೂ ಈ ಬೆಟ್ಟ ಕೆಲವೊಮ್ಮೆ ತಲೆಕೆಳಗು ಮಾಡುತ್ತದೆ.

ಬೆಟ್ಟದಲ್ಲಿ ಕಾಲು ಮುರಿದರೆ? ಹೆಲಿಕಾಪ್ಟರ್ ಬರುತ್ತದೆ. ಸರ್ಕಾರದ ರಕ್ಷಣಾ ತಂಡ ಎತ್ತಿಕೊಂಡು ಹೋದದ್ದಕ್ಕೆ ಬಿಲ್ಲೇ ಇಲ್ಲ! ಆಸ್ಪತ್ರೆಯ ಬಿಲ್ ಬೇರೆ. ಹಾಗೆಂದು ಕಾಲು ಮುರಿದುಕೊಳ್ಳುವುದು ಬೇಡ.

ಬೆಟ್ಟಕ್ಕೆ ತೂತು ಬಿದ್ದದ್ದನ್ನು ನೋಡಿದ್ದೀರಾ? ಕಾಪು ತಫುನಾಟು ಶಿಖರ ನೋಡಿ. ನೆತ್ತಿಯ ಕೆಳಗೆ ಆರಪಾರ ದೊಡ್ಡ ತೂತು! ಸೈತಾನನಿಗೂ ಸಂತ ಮಾರ್ಟಿನನಿಗೂ ಜಗಳವಾಯಿತಂತೆ. ಸೈತಾನ ಉಳುತ್ತಿದ್ದಾಗ ನೇಗಿಲು ಮುರಿಯಿತು. ಸಿಟ್ಟಿಗೆ ಗುಳವನ್ನು ಬೀಸಿ ಒಗೆದ. ಅದು ಬೆಟ್ಟವನ್ನೇ ತೂರಿಕೊಂಡು ಹೋಯಿತು! ಪಕ್ಕದ ಬಿಡಾರ 1,991 ಮೀಟರಿನಲ್ಲಿದೆ, ಇಡೀ ದಾರಿಯಲ್ಲೇ ಅತಿ ಎತ್ತರದ್ದು. ದ್ವೀಪದ ಅತಿ ಉದ್ದದ ನದಿ ಗೋಲೋ ಹುಟ್ಟುವುದೂ ಇಲ್ಲೇ ಕೆಳಗೆ. ಸೈತಾನನ ಎತ್ತುಗಳು ಏನಾದವು? ಕಲ್ಲಾದವು. ಮರುದಿನ 'ನೀನು' ಎಂಬ ಹೆಸರಿನ ಕೆರೆಯ ಮೇಲಿನ ಕಣಿವೆ ದಾಟುವಾಗ ಸಿಗುವ ಬಂಡೆಗಳೇ ಅವು ಎನ್ನುತ್ತಾರೆ.

ಈ 'ನೀನು' ಕೆರೆಯನ್ನು ನಿಧಾನವಾಗಿ ನೋಡಬೇಕು. ಮೂರು ನಾಲ್ಕು ದಿನ ಬರೀ ಕಲ್ಲು, ಕಲ್ಲು, ಕಲ್ಲು. ಒಮ್ಮೆಲೇ ಎದುರಿಗೆ ಹಸಿರು ಹಾಸು! 1,743 ಮೀಟರ್ ಎತ್ತರದಲ್ಲಿ ನೀರು, ಸುತ್ತ ಹುಲ್ಲು, ಹುಲ್ಲಲ್ಲಿ ಹಗ್ಗವಿಲ್ಲದ ಕುದುರೆಗಳು. ಹತ್ತಿರ ಹೋಗಿ. ಹುಲ್ಲಿನಲ್ಲಿ ಅಲ್ಲಲ್ಲಿ ಗುಂಡಗಿನ, ಕಪ್ಪು ನೀರಿನ ಗುಂಡಿಗಳು. ಕೆಲವು ಬಕೆಟ್ಟಿನಷ್ಟು, ಕೆಲವು ಬಾವಿಯಷ್ಟು. ಸಣ್ಣ ಕಾಲುವೆಗಳು ಒಂದರಿಂದ ಇನ್ನೊಂದಕ್ಕೆ ಹರಿದು, ಹುಲ್ಲಿನಡಿ ಮಾಯವಾಗಿ, ಮತ್ತೆ ಮೇಲೆ ಬರುತ್ತವೆ. ಕಾಲಿಟ್ಟರೆ ನೆಲವೇ ಸ್ಪಂಜಿನಂತೆ ಒಳಗಿಳಿದು ಮೇಲೆ ಪುಟಿಯುತ್ತದೆ! ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಪಾಚಿ, ಹುಲ್ಲಿನ ಪದರದ ಮೇಲೆ ನೀವು ನಿಂತಿದ್ದೀರಿ. ಪೊಝೀನ್ ಎನ್ನುತ್ತಾರೆ ಇದಕ್ಕೆ. ಹಿಮಯುಗದ ಕೆರೆಗಳು ನಿಧಾನವಾಗಿ ಹೂಳು ತುಂಬಿ ಹೀಗಾದವು. ಇಲ್ಲಿ ಟೆಂಟ್ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಅದು ನಿಷಿದ್ಧ!

ಇನ್ನೊಂದು ಕೆರೆ ಕಾಪಿಟೆಲ್ಲು. 1,930 ಮೀಟರ್ ಎತ್ತರದಲ್ಲಿದ್ದರೂ ಆಳ 40 ಮೀಟರ್ ದಾಟುತ್ತದೆ. ವರ್ಷದ ಬಹುಭಾಗ ಮೇಲೆ ಮಂಜುಗಡ್ಡೆಯ ಮುಚ್ಚಳ. ಕೆಳಗೆ ಸಮುದ್ರತೀರದಲ್ಲಿ ಜನ ಬಿಸಿಲು ಕಾಯಿಸುತ್ತಿದ್ದರೆ ಜೂನಿನಲ್ಲೂ ಇಲ್ಲಿ ಹಿಮದ ತೇಪೆಗಳು!

ಹಸಿವಾಯಿತೇ? ಕುರುಬರ ಗುಡಿಸಲಿನ ಬಾಗಿಲಲ್ಲಿ ನಿಲ್ಲಿ. ಚೀಸ್ ಮಾಡಿ ಉಳಿದ ಹಾಲೊಡಕಿನ ನೀರನ್ನು ಪಾತ್ರೆಗೆ ಸುರಿದು, ಸ್ವಲ್ಪ ಹಸಿ ಹಾಲು, ಉಪ್ಪು ಸೇರಿಸಿ ಕಾಯಿಸುತ್ತಾರೆ. ಇನ್ನೇನು ಕುದಿಯಬೇಕು ಅನ್ನುವಷ್ಟರಲ್ಲಿ ಬೆಳ್ಳಗೆ ಮೋಡದ ಹಾಗೆ ತೇಲಿ ಬರುತ್ತದೆ. ಅದನ್ನು ಸಟ್ಟುಗದಲ್ಲಿ ಎತ್ತಿ ಪುಟ್ಟ ಬುಟ್ಟಿಗಳಿಗೆ ತುಂಬಿದರೆ ಬ್ರೊಚ್ಚು! ಬಿಸಿಬಿಸಿಯಾಗಿಯೇ ತಿನ್ನಬೇಕು. ಚೆಲ್ಲಬಹುದಾಗಿದ್ದ ನೀರಿನಿಂದ ಬಂದ ತಿನಿಸು, ಇಂದು ಕಾನೂನಿನ ರಕ್ಷಣೆ ಇರುವ ಹೆಸರು. ಬೇರೆ ಕಡೆ ಮಾಡಿದ್ದನ್ನು ಬ್ರೊಚ್ಚು ಎಂದು ಮಾರುವಂತಿಲ್ಲ.

ಮುದ್ದೆ ನೆನಪಾಗುತ್ತಿದೆಯೇ? ಅದೂ ಉಂಟು! ಚೆಸ್ಟ್‌ನಟ್ ಕಾಯಿ ಒಣಗಿಸಿ ಬೀಸಿದ ಹಿಟ್ಟು, ಕುದಿಯುವ ನೀರು, ಉದ್ದನೆಯ ಕೋಲು. ತೋಳು ಸೋಲುವವರೆಗೆ ತಿರುವಿ, ಹಿಟ್ಟು ಉದುರಿಸಿದ ಬಟ್ಟೆಯ ಮೇಲೆ ಮಗುಚಿದರೆ ಪುಲೆಂಡ. ಬಣ್ಣ, ಹದ ಎರಡೂ ಥೇಟ್ ರಾಗಿಮುದ್ದೆ! ಆದರೆ ತುಸು ಸಿಹಿ. ನುಂಗುವುದಿಲ್ಲ, ಕತ್ತರಿಸುತ್ತಾರೆ. ಕೆಲವರು ದಾರದಲ್ಲಿ!

ಆ ಚೆಸ್ಟ್‌ನಟ್ ಕಾಡು ತಾನಾಗಿ ಬೆಳೆದದ್ದಲ್ಲ. 1584ರಲ್ಲಿ ಜಿನೋವಾ ಸರ್ಕಾರ ಹುಕುಂ ಹೊರಡಿಸಿತು. ಜಮೀನು ಇದ್ದವರೆಲ್ಲ ವರ್ಷಕ್ಕೆ ನಾಲ್ಕು ಮರ ನೆಡಲೇಬೇಕು, ಅದರಲ್ಲೊಂದು ಚೆಸ್ಟ್‌ನಟ್. ಮುಂದೆ ಏನಾಯಿತು? ಜಿನೋವಾ ವಿರುದ್ಧ ಬೆಟ್ಟದಲ್ಲಿ ದಂಗೆ ಎದ್ದವರು ಹೊಟ್ಟೆ ಹೊರೆದದ್ದು ಅದೇ ಮರದ ಕಾಯಿ ತಿಂದು!

ಮೊಂಟೆ ರೊಟೊಂಡೊ, 2,622 ಮೀಟರ್. ಅದರ ಬುಡದಲ್ಲಿ ಹಾದುಹೋಗುವಾಗ ಗೈಡ್ ಒಂದು ಗುಟ್ಟು ಹೇಳುತ್ತಾರೆ. ನೆಪೋಲಿಯನ್ ಈ ಬೆಟ್ಟಕ್ಕೆ ಬಂದದ್ದು ಹುಟ್ಟುವ ಮೊದಲು! 1768ರಲ್ಲಿ ಜಿನೋವಾ ದ್ವೀಪವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತು. 1769ರ ಮೇ ತಿಂಗಳಲ್ಲಿ ಪೊಂಟೆ ನೊವು ಎಂಬಲ್ಲಿ ಫ್ರೆಂಚರ ಎದುರು ಕಾರ್ಸಿಕನ್ನರು ಸೋತರು. ಸೋತ ಕಡೆಯಲ್ಲಿದ್ದ ಲೆಟಿಜಿಯಾ ಬೋನಪಾರ್ಟೆ ಎಂಬ ಬಸುರಿ ಗಂಡನೊಂದಿಗೆ ಈ ಬೆಟ್ಟಗಳಿಗೆ ಓಡಿಬಂದಳು. ಆಗಸ್ಟ್ 15ಕ್ಕೆ ಮಗು ಹುಟ್ಟಿತು. ಫ್ರೆಂಚರಿಗೆ ಹೆದರಿ ಓಡಿದವಳ ಹೊಟ್ಟೆಯಲ್ಲಿ ಫ್ರೆಂಚರ ಚಕ್ರವರ್ತಿ!

ಈ ಮಗುವಿಗೂ ನಮ್ಮ ಶ್ರೀರಂಗಪಟ್ಟಣಕ್ಕೂ ನಂಟುಂಟು. 1799ರ ಜನವರಿಯಲ್ಲಿ ನೆಪೋಲಿಯನ್ ಈಜಿಪ್ಟಿನ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದ. ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲಿಷರಿಂದ ನಿಮ್ಮನ್ನು ಬಿಡಿಸುವ ಆಸೆಯಿದೆ ಎಂಬ ಸಾರಾಂಶ. ಪತ್ರ ತಲುಪಲೇ ಇಲ್ಲ! ಇಂಗ್ಲಿಷರ ಕೈಗೇ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ನೆಪೋಲಿಯನ್‌ಗಿಂತ ಮೊದಲೇ ಈ ದ್ವೀಪಕ್ಕೊಬ್ಬ ರಾಜ ಸಿಕ್ಕಿದ್ದ. ಜರ್ಮನಿಯ ಥಿಯೋಡೋರ್ ಎಂಬ ಸಾಹಸಿ. 1736ರಲ್ಲಿ ಹಡಗಿನ ತುಂಬ ಬಂದೂಕು ತಂದು ಇಳಿದ, ಕಿರೀಟ ಹಾಕಿಸಿಕೊಂಡ, ಅದೇ ವರ್ಷ ಜಾಗ ಖಾಲಿ ಮಾಡಿದ! ಕೊನೆಗೆ ಲಂಡನ್ನಿನಲ್ಲಿ ಸಾಲಗಾರರ ಜೈಲು. ಬಿಡುಗಡೆಗೆ ಆಸ್ತಿ ಏನಿದೆ ಎಂದು ಕೇಳಿದರು. ಆತ ಬರೆದುಕೊಟ್ಟದ್ದು 'ಕಾರ್ಸಿಕಾ ರಾಜ್ಯ'!

ದ್ವೀಪ ಸ್ವತಂತ್ರವಾಗಿದ್ದ ಅಲ್ಪ ಕಾಲದಲ್ಲಿ ಪಾಸ್ಕ್ವಾಲೆ ಪಾವೊಲಿ ಎಂಬ ನಾಯಕ 1755ರಲ್ಲೇ ಸಂವಿಧಾನ ಬರೆಸಿದ. ಅಮೆರಿಕದ ಸಂವಿಧಾನಕ್ಕಿಂತ 32 ವರ್ಷ ಮೊದಲು! ಬೆಟ್ಟದ ನಡುವಿನ ಕೊರ್ಟೆ ಊರಿನಲ್ಲಿ ವಿಶ್ವವಿದ್ಯಾಲಯವನ್ನೂ ತೆರೆದ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಾವೊಲಿ ಎಂಬ ಊರು ಇಂದಿಗೂ ಇದೆ.

ಅರ್ಧ ದಾರಿಗೆ ವಿಜ್ಜಾವೋನಾ. ಇಲ್ಲಿ ರೈಲು ಇದೆ! ಅದೂ ಮೀಟರ್ ಗೇಜ್. ಬೆಟ್ಟದೊಳಗೆ ಸುಮಾರು 4 ಕಿ.ಮೀ. ಸುರಂಗ. ಸ್ವಲ್ಪ ಆಚೆ ಕಣಿವೆಯ ಮೇಲೆ ನಿಂತಿರುವ ಕಬ್ಬಿಣದ ಸೇತುವೆ ಯಾರದು ಗೊತ್ತೇ? ಐಫೆಲ್ ಗೋಪುರ ಕಟ್ಟಿದ ಅದೇ ಐಫೆಲ್ ಕಂಪನಿಯದು! ಎಷ್ಟೋ ಜನ ಉತ್ತರದ ಅರ್ಧ ಮುಗಿಸಿ ಇಲ್ಲೇ ರೈಲು ಹತ್ತಿ ಕಂಬಿ ಕೀಳುತ್ತಾರೆ. ತಂಡಗಳೂ ಹಾಗೇ, ಒಂದು ವರ್ಷ ಉತ್ತರ, ಇನ್ನೊಂದು ವರ್ಷ ದಕ್ಷಿಣ. ಇದರಲ್ಲಿ ಅವಮಾನವೇನೂ ಇಲ್ಲ, ನನ್ನ ಪ್ರಕಾರ ಜಾಣತನ.

ವಿಜ್ಜಾವೋನಾದ ಸುತ್ತ ಆಕಾಶಕ್ಕೆ ನೆಟ್ಟ ಕಂಬಗಳಂತೆ ಲಾರಿಚಿಯೊ ಪೈನ್ ಮರಗಳು. ಕೆಲವು 50 ಮೀಟರ್! ನೆಟ್ಟಗೆ ಎಷ್ಟೆಂದರೆ ಜಿನೋವಾದವರು ಕಡಿದು ಹಡಗಿನ ಪಟಸ್ತಂಭ ಮಾಡಿಕೊಂಡರು.

ಆ ಕಾಂಡಗಳ ಮೇಲೆ ತಲೆಕೆಳಗಾಗಿ ಇಳಿಯುವ, 12 ಸೆಂಟಿಮೀಟರ್ ಉದ್ದದ ಪುಟ್ಟ ಹಕ್ಕಿ ಕಾರ್ಸಿಕನ್ ನಟ್‌ಹ್ಯಾಚ್. ಈ ದ್ವೀಪ ಬಿಟ್ಟು ಬೇರೆಲ್ಲೂ ಬದುಕುವುದಿಲ್ಲ. ಅದರ ಬುದ್ಧಿ ನೋಡಿ. ಪೈನ್ ಕಾಯಿ ಬಿಸಿಲಿದ್ದರೆ ಬಿರಿಯುತ್ತದೆ, ಚಳಿ ಮಳೆಗೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬಿಸಿಲ ದಿನ ಬೀಜ ಕಿತ್ತು ತೊಗಟೆಯ ಸಂದಿಯಲ್ಲಿ ಅಡಗಿಸಿಡುತ್ತದೆ, ಮಳೆಯ ದಿನಕ್ಕೆಂದು! 1883ರವರೆಗೆ ಪಕ್ಷಿವಿಜ್ಞಾನಿಗಳಿಗೆ ಈ ಹಕ್ಕಿ ಇದೆಯೆಂದೇ ಗೊತ್ತಿರಲಿಲ್ಲ. ಕಂಡದ್ದು ಜಾನ್ ವೈಟ್‌ಹೆಡ್ ಎಂಬ ಇಂಗ್ಲಿಷ್ ತರುಣನಿಗೆ. ಅದೇ ವೈಟ್‌ಹೆಡ್ 1896ರಲ್ಲಿ ಫಿಲಿಪ್ಪೀನ್ಸ್ ಕಾಡಿನಲ್ಲಿ ಇನ್ನೊಂದು ಹಕ್ಕಿಯನ್ನು ಲೋಕಕ್ಕೆ ತೋರಿಸಿದ. ಯಾವುದು? ಒಂದು ಮೀಟರ್ ಉದ್ದದ ಫಿಲಿಪ್ಪೀನ್ ಹದ್ದು! ಬೆರಳುದ್ದದಿಂದ ಶುರುಮಾಡಿ ಜಗತ್ತಿನ ಅತಿ ದೊಡ್ಡ ಹದ್ದುಗಳ ಸಾಲಿನವರೆಗೆ.

ತಲೆಯೆತ್ತಿದರೆ ಇನ್ನೊಂದು ಹಕ್ಕಿ. ಗಡ್ಡದ ರಣಹದ್ದು. ಇದರ ಊಟ ಮಾಂಸವಲ್ಲ, ಮೂಳೆ! ದೊಡ್ಡ ಮೂಳೆಯಾದರೆ ಮೇಲಕ್ಕೆ ಒಯ್ದು ಬಂಡೆಯ ಮೇಲೆ ಬೀಳಿಸಿ ಪುಡಿ ಮಾಡುತ್ತದೆ. ಇಡೀ ದ್ವೀಪದಲ್ಲಿ ಬೆರಳೆಣಿಕೆಯ ಜೋಡಿಗಳಷ್ಟೇ ಉಳಿದಿವೆ.

ದಕ್ಷಿಣದ ಅರ್ಧದಲ್ಲಿ ದಾರಿ ತುಸು ಕರುಣೆ ತೋರುತ್ತದೆ. ಏಣುಗಳ ಮೇಲೆ ನಡೆಯುತ್ತ ಎಡಕ್ಕೆ ನೋಡಿದರೆ ಪೂರ್ವದ ಬಯಲು, ಅದರಾಚೆ ಸಮುದ್ರ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕನ್ನರು ಈ ಬಯಲಿನಲ್ಲಿ ಎಷ್ಟು ವಿಮಾನ ನಿಲ್ದಾಣ ಮಾಡಿದರೆಂದರೆ, ಇಡೀ ದ್ವೀಪಕ್ಕೇ ಯುದ್ಧನೌಕೆಯ ಹೆಸರಿಟ್ಟು 'ಯುಎಸ್‌ಎಸ್ ಕಾರ್ಸಿಕಾ' ಎನ್ನುತ್ತಿದ್ದರು! ಮಲೇರಿಯಾ ಸೊಳ್ಳೆಗೆ ಡಿಡಿಟಿ ಹೊಡೆದವರೂ ಅವರೇ.

ಆ ಬಯಲಿನಿಂದ ಬಾಂಬರ್ ವಿಮಾನ ಹತ್ತಿ 60 ಸಲ ಹಾರಿ ಬಂದ ಒಬ್ಬ ಹುಡುಗ ಮುಂದೆ ಕಾದಂಬರಿ ಬರೆದ. ಜೋಸೆಫ್ ಹೆಲ್ಲರ್, 'ಕ್ಯಾಚ್-22'! ಕತೆಯಲ್ಲಿ ಬೇರೆ ದ್ವೀಪದ ಹೆಸರು ಹಾಕಿದ, ಅಷ್ಟೇ. 'ಪುಟ್ಟ ರಾಜಕುಮಾರ'ನ ಕತೆ ಬರೆದ ಸೇಂಟ್ ಎಕ್ಸುಪೆರಿ 1944ರ ಜುಲೈ 31ರಂದು ಕೊನೆಯ ಸಲ ಹಾರಿದ್ದೂ ಕಾರ್ಸಿಕಾದಿಂದಲೇ. ವಿಮಾನದ ಚೂರುಗಳು ಮಾರ್ಸೇಲ್ ಬಳಿಯ ಕಡಲಲ್ಲಿ ಸಿಕ್ಕದ್ದು ಅರ್ಧ ಶತಮಾನ ಕಳೆದ ಮೇಲೆ.

ಸೊಳ್ಳೆಗೆ ಹೆದರಿ ಇಡೀ ಊರೇ ಬೇಸಿಗೆಗೆ ಬೆಟ್ಟ ಹತ್ತುತ್ತಿತ್ತು, ಗೊತ್ತೇ? ಬವೆಲ್ಲಾ ಕಣಿವೆಯ ಮೇಲಿನ ಪುಟ್ಟ ಮನೆಗಳು ಕೊಂಕಾ ಊರಿನವರವು. ಇಂದು ಅವುಗಳ ಹಿಂದೆ ಕೆಂಪು ಕಲ್ಲಿನ ಸೂಜಿ ಶಿಖರಗಳನ್ನು ನೋಡಲು ಕಾರುಗಳ ಜಾತ್ರೆ. ಹತ್ತು ದಿನ ಹಂದಿ, ಕುದುರೆಗಳನ್ನಷ್ಟೇ ಕಂಡ ನಡಿಗೆಯವರಿಗೆ ಒಮ್ಮೆಲೇ ಐಸ್‌ಕ್ರೀಮ್!

ಈ ಕಲ್ಲೆಲ್ಲ ಒಂದು ಕಾಲಕ್ಕೆ ಇಲ್ಲಿರಲೇ ಇಲ್ಲ. ಕಾರ್ಸಿಕಾ, ಸಾರ್ಡಿನಿಯಾ ಎರಡೂ ದಕ್ಷಿಣ ಫ್ರಾನ್ಸಿನ ಅಂಚಿಗೆ ಅಂಟಿಕೊಂಡಿದ್ದವು. ಎರಡು ಮೂರು ಕೋಟಿ ವರ್ಷಗಳ ಹಿಂದೆ ಬಿರಿದು ಬೇರಾಗಿ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತ ತಿರುಗುತ್ತ ಈ ಜಾಗಕ್ಕೆ ಬಂದು ನಿಂತವು. ಬಾಗಿಲು ತೆರೆದಂತೆ ದ್ವೀಪವೇ ತಿರುಗಿದೆ!

ಕೊನೆಯ ದಿನ ಬಂಡೆಗಳ ನಡುವಿನ ಕಿರಿದಾದ ಸಂದಿಯೊಂದನ್ನು ದಾಟಿದರೆ ಕೆಳಗೆ ಕೊಂಕಾ. ಡಾಂಬರು ರಸ್ತೆ! ರಸ್ತೆ ಇದ್ದಲ್ಲಿ ಬೋರ್ಡು. ದ್ವೀಪದ ಬೋರ್ಡುಗಳಲ್ಲಿ ಊರ ಹೆಸರು ಎರಡು ಸಲ ಇರುತ್ತದೆ, ಫ್ರೆಂಚಿನಲ್ಲಿ ಒಮ್ಮೆ, ಕಾರ್ಸಿಕನ್ ಭಾಷೆಯಲ್ಲಿ ಒಮ್ಮೆ. ಎಷ್ಟೋ ಕಡೆ ಫ್ರೆಂಚ್ ಹೆಸರಿಗೆ ಯಾರೋ ಕರಿ ಬಣ್ಣ ಬಳಿದಿರುತ್ತಾರೆ. ಬೋರ್ಡಿನ ಭಾಷೆಯ ಜಗಳ ನಮಗೇನೂ ಹೊಸದಲ್ಲ. ಆದರೆ ಇಲ್ಲಿ ಬಣ್ಣ ಸಾಲದೆ ಬಂದೂಕಿನ ಗುಂಡಿನಿಂದ ತೂತು ಹೊಡೆದ ಬೋರ್ಡುಗಳೂ ಇವೆ! ಈಗ ಆ ತೂತು ಬೋರ್ಡಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಪ್ರವಾಸಿಗರು ಕಾರು ನಿಲ್ಲಿಸುತ್ತಾರೆ!